ಜಂಟಲ್‌ಮ್ಯಾನ್ ಆಗಲು ಹೊರಟು ಪ್ಯಾಂಟು ಹರಿದುಕೊಂಡದ್ದು

ಮೊನ್ನೆ ನಮ್ಮ ಸೊಳ್ಳೆಪರದೆಯ ಒಂದು ಮೂಲೆಯ ದಾರ ಹರಿದು ಜೋತುಬಿದ್ದಿತ್ತು. ಕಟ್ಟಲು ಏನಾದರೂ ಸಿಕ್ಕೀತೇ ಎಂದು ಕಪಾಟಿನ ತಳದಲ್ಲಿ ಕೈಯಾಡಿಸಿದಾಗ ಉದ್ದನೆಯ ಪಟ್ಟಿಯೊಂದು ಬೆರಳಿಗೆ ಸಿಕ್ಕಿತು. ಎಳೆದು ನೋಡಿದರೆ ನನ್ನ ಟೈ. ಕಡುಗೆಂಪು ಬಣ್ಣ, ಮೇಲೆ ಓರೆಯಾಗಿ ಬೂದು ಗೆರೆಗಳು, ನಡುವೆ ಎಂದೋ ಬಿದ್ದ ಸಾಂಬಾರಿನ ಸಣ್ಣದೊಂದು ಹಳದಿ ದ್ವೀಪ. ಸೊಳ್ಳೆಪರದೆಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಇದನ್ನು ನಾನು ಕುತ್ತಿಗೆಗೆ ಕಟ್ಟಿಕೊಂಡಿದ್ದೇ ತಪ್ಪಾಗಿತ್ತೇನೋ ಅನ್ನಿಸಿತು.

ಈಗ ನನ್ನನ್ನು ನೋಡಿದವರು ನಂಬಲಿಕ್ಕಿಲ್ಲ. ಆದರೆ ಒಂದು ಕಾಲದಲ್ಲಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಡುವೆ ಟೈ ಕಟ್ಟಿಕೊಂಡು ಬಸ್ಸಿನಲ್ಲಿ ನೇತಾಡುತ್ತಿದ್ದ ಕೆಲವೇ ಮಂದಿಯಲ್ಲಿ ನಾನೂ ಒಬ್ಬ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಔಷಧದ ಕಂಪೆನಿಯೊಂದರ ಪ್ರತಿನಿಧಿ, ಜನರ ಬಾಯಲ್ಲಿ ಮೆಡಿಕಲ್ ರೆಪ್. ಡಾಕ್ಟರರ ಮುಂದೆ ನಿಂತು, ನಮ್ಮ ಕೆಮ್ಮಿನ ಸಿರಪ್ಪು ಲೋಕದ ಉಳಿದ ಸಿರಪ್ಪುಗಳಿಗಿಂತ ಹೇಗೆ ಮೇಲು ಎಂದು ಎರಡು ನಿಮಿಷದಲ್ಲಿ ಹೇಳಿ ಮುಗಿಸುವುದು ನನ್ನ ಕೆಲಸ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನೈದು ದಿನ ಬೊಂಬಾಯಿಯಲ್ಲಿ ತರಬೇತಿ ಇತ್ತು. ಔಷಧದ ವಿಷಯ ಕಲಿಸಲು ಮೂರು ದಿನ ಸಾಕಾಯಿತು. ಉಳಿದ ಹನ್ನೆರಡು ದಿನ ನಮ್ಮನ್ನು ಜಂಟಲ್‌ಮ್ಯಾನ್ ಮಾಡುವ ಪ್ರಯತ್ನ ನಡೆಯಿತು. ಕಲಿಸುತ್ತಿದ್ದವರು ಸೀನುವಾಗಲೂ ಇಂಗ್ಲಿಷಿನಲ್ಲೇ ಸೀನುತ್ತಿದ್ದ ಒಬ್ಬ ಹಿರಿಯ ಅಧಿಕಾರಿ. ಜಂಟಲ್‌ಮ್ಯಾನ್ ಎಂದವನು ಓಡಬಾರದು. ಬೆವರಬಾರದು. ಕಿಸೆಯಲ್ಲಿ ಎರಡು ಕರವಸ್ತ್ರ ಇರಬೇಕು, ಒಂದು ತೋರಿಸಲಿಕ್ಕೆ, ಒಂದು ಒರೆಸಲಿಕ್ಕೆ. ಹೆಂಗಸರು ಬಂದಾಗ ಎದ್ದು ನಿಲ್ಲಬೇಕು, ಬಾಗಿಲಲ್ಲಿ ಅವರಿಗೆ ಮೊದಲು ದಾರಿ ಬಿಡಬೇಕು, ಅವರ ಕೈಯಿಂದ ಏನಾದರೂ ಬಿದ್ದರೆ ಅವರು ಬಗ್ಗುವ ಮೊದಲೇ ನಾವು ಬಗ್ಗಿ ಎತ್ತಿಕೊಡಬೇಕು. ಇದನ್ನು ನಾವು ಅಭ್ಯಾಸವನ್ನೂ ಮಾಡಿದೆವು. ಅಧಿಕಾರಿಗಳು ಪೆನ್ನು ಬೀಳಿಸುವುದು, ಹನ್ನೊಂದು ಮಂದಿ ಗಂಡಸರು ಒಟ್ಟಿಗೆ ಬಗ್ಗುವುದು. ತಲೆಗೆ ತಲೆ ತಾಗಿ ಒಬ್ಬನಿಗೆ ಹಣೆಯಲ್ಲಿ ಬುಗುಟು ಎದ್ದಿತು.

ಬೆವರಬಾರದು ಎಂದ ಆ ಮಹಾನುಭಾವರನ್ನು ಮೇ ತಿಂಗಳ ಮಧ್ಯಾಹ್ನ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಟೈ ಕಟ್ಟಿ ಹತ್ತು ನಿಮಿಷ ನಿಲ್ಲಿಸಬೇಕೆಂದು ನನಗೆ ತುಂಬ ಆಸೆಯಿತ್ತು. ಕೈಗೂಡಲಿಲ್ಲ.

ಅಂದ ಹಾಗೆ, ಈ ಜಂಟಲ್‌ಮ್ಯಾನ್ ಎಂಬ ಮಾತಿಗೆ ಕನ್ನಡದಲ್ಲಿ ಏನನ್ನುವುದು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಸಜ್ಜನ ಎನ್ನಬಹುದು. ಆದರೆ ಅದರಲ್ಲಿ ಸಂತಾಪ ಸಭೆಯ ವಾಸನೆ ಇದೆ, ಬದುಕಿರುವವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಸಭ್ಯ ಎಂದರೆ, "ನೋಡಲಿಕ್ಕೆ ಸಭ್ಯರ ಹಾಗೆ ಕಾಣ್ತೀರಿ" ಎಂದು ಯಾರಾದರೂ ಅಂದ ತಕ್ಷಣ ಹಿಂದಿನಿಂದ ಒಂದು "ಆದರೆ" ಬಂದೇ ಬರುತ್ತದೆ. ಮರ್ಯಾದಸ್ಥ ಎಂಬುದು ನಮ್ಮ ಕಡೆಯ ಮಾತು. ಆದರೆ ಮರ್ಯಾದೆ ಎಂಬುದು ನಮ್ಮಲ್ಲಿ ನೆನಪಾಗುವುದು ಅದು ಹೋಗುವಾಗ ಮಾತ್ರ. ನಮ್ಮೂರಿನವರು ಈ ತಲೆಬಿಸಿ ಮಾಡಿಕೊಳ್ಳದೆ ಇಂಗ್ಲಿಷಿನದ್ದನ್ನೇ ಇಟ್ಟುಕೊಂಡರು. ಪ್ಯಾಂಟು ಹಾಕಿ, ಮೆಲ್ಲಗೆ ಮಾತಾಡಿ, ದಾರಿಯಲ್ಲಿ ಉಗುಳದಿದ್ದರೆ ಸಾಕು, "ಭಾರೀ ಜಂಟಲ್‌ಮ್ಯಾನ್ ಮಾರಾಯ" ಎಂದು ಸರ್ಟಿಫಿಕೇಟು ಸಿಗುತ್ತಿತ್ತು. ನನಗೂ ಸಿಕ್ಕಿತ್ತು.

ಆ ಸರ್ಟಿಫಿಕೇಟಿಗೆ ನಾನು ತೆತ್ತದ್ದು ಕಡಿಮೆಯಲ್ಲ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿಗೆ ಒಂದು ಬೆಳಿಗ್ಗೆ ಕಾದಿದ್ದೆ. ಬಸ್ಸು ಬಂತು. ಬಾಗಿಲಲ್ಲಿ ಹೆಂಗಸರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಒಬ್ಬರು ಹತ್ತಿದರು, ಇಬ್ಬರು ಹತ್ತಿದರು, ಮದುವೆಯೊಂದಕ್ಕೆ ಹೊರಟ ಇಪ್ಪತ್ತು ಮಂದಿಯೂ ಹತ್ತಿದರು. ಕೊನೆಗೆ ಮೀನಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬಳನ್ನು ಕೈಹಿಡಿದು ಹತ್ತಿಸಿದೆ. ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಸಾರ್, ನೀವು ಬರುವುದಾ? ಅಲ್ಲ ಬಸ್ಸಿಗೆ ಟಾಟಾ ಮಾಡ್ಲಿಕ್ಕೆ ನಿಂತದ್ದಾ?"

ನಾನು ಉತ್ತರಕ್ಕೆ ಗೌರವಯುತವಾದ ಪದ ಹುಡುಕುವಷ್ಟರಲ್ಲಿ ಅವನು ಸೀಟಿ ಊದಿದ. ಓಡಿದರೆ ಬಸ್ಸು ಸಿಗುತ್ತಿತ್ತು. ಆದರೆ ಜಂಟಲ್‌ಮ್ಯಾನ್ ಓಡಬಾರದಲ್ಲ.

ಇರಲಿ, ನಾನು ಹೇಳಹೊರಟದ್ದು ಉದ್ಯಾವರದ ವಿಷಯ.

ನನ್ನ ತಂದೆ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದರು. ಕಾರ್ಕಳದ ಬದಿಯ ಕುಕ್ಕುಂದೂರಿನ ನಮ್ಮ ಮನೆಗೆ ಯಜಮಾನರೆಂದರೆ ತಾಯಿಯ ಅಣ್ಣ, ಸಂಜೀವ ಮಾವ. ಗದ್ದೆಯ ಆಚೆ ಬದಿಯಲ್ಲಿದ್ದವರ ಜೊತೆ ಮಾತಾಡಿ ಅಭ್ಯಾಸವಾದ ಗಂಟಲು ಅವರದು. ಮನಸ್ಸಿನಲ್ಲಿ ವಿಷ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ. ಬೆಳಿಗ್ಗೆ ಅವರಿಗೆ ಗೊತ್ತಾದ ಸಂಗತಿ ಮಧ್ಯಾಹ್ನಕ್ಕೆ ಕಾರ್ಕಳದ 'ಮೂರು ಮಾರ್ಗ' ಎಂಬ ಕೂಡುರಸ್ತೆಯ ಹೊಟೇಲಿನಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಅವರು ನನಗೆ ಹೆಣ್ಣು ನೋಡಿದರು. ಉದ್ಯಾವರದಲ್ಲಿ ವಿಠಲ ಮಾಸ್ಟ್ರು ಎಂದು, ಶಾಲೆಯಿಂದ ನಿವೃತ್ತರಾದವರು. ಅವರ ಎರಡನೆಯ ಮಗಳು ಸುಲೋಚನ. ಉಡುಪಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಟೀಚರು.

ಹೆಣ್ಣು ನೋಡಲು ಹೋಗುವುದಕ್ಕೆ ಹೊಸ ಪ್ಯಾಂಟು ಬೇಕಲ್ಲ. ಗಲ್ಫಿನಿಂದ ಬಂದ ಗೆಳೆಯನೊಬ್ಬ ಕೊಟ್ಟ ಬಟ್ಟೆ ಇತ್ತು, ಮಿರಿಮಿರಿ ಮಿಂಚುವ ನಸುಗಂದು. ಅದನ್ನು ಕಾಪುವಿನ ಉಮ್ಮರಾಕನ ಅಂಗಡಿಗೆ ಒಯ್ದೆ. ಉಮ್ಮರಾಕ ಆ ಸೀಮೆಗೆಲ್ಲ ಹೆಸರಾದ ದರ್ಜಿ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರನ್ನು ಹೀಗೆ ಹೆಸರಿನ ಕೊನೆಗೆ 'ಕಾಕ' ಸೇರಿಸಿ ಕರೆಯುತ್ತಾರೆ, ಉಮ್ಮರ್ ಕಾಕ ಬಾಯಲ್ಲಿ ಸವೆದು ಉಮ್ಮರಾಕ. ಆಗ ಬೆಲ್‌ಬಾಟಮ್ಮಿನ ಕಾಲ. ಕೆಳಗೆ ಗುಡಿಸುವಷ್ಟು ಅಗಲ, ಮೇಲೆ ಉಸಿರುಗಟ್ಟುವಷ್ಟು ಬಿಗಿ.

"ಇನ್ನೂ ಬಿಗಿ ಮಾಡಿ ಉಮ್ಮರಾಕ" ಎಂದೆ.

ಅವರು ಕುತ್ತಿಗೆಯ ಟೇಪನ್ನು ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದರು. "ಇನ್ನು ಅರ್ಧ ಇಂಚು ತೆಗೆದರೆ ಕಷ್ಟ ಉಂಟು. ನಿಮಗೆ ಇದು ನಿಲ್ಲಲಿಕ್ಕೆ ಮಾತ್ರವಾ, ಕುಳಿತುಕೊಳ್ಳಲಿಕ್ಕೂ ಉಂಟಾ?"

"ಫ್ಯಾಷನ್ ಹಾಗೆಯೇ ಉಮ್ಮರಾಕ."

"ಫ್ಯಾಷನ್ ಸರಿ. ಅದರ ಒಳಗೆ ನೀವು ಇರುತ್ತೀರಲ್ವಾ, ಅದಕ್ಕೆ ಹೇಳಿದ್ದು" ಎಂದರು. ಮೂರು ಸಲ ಹೇಳಿ, ಕೊನೆಗೆ ನಾನು ಹೇಳಿದಂತೆಯೇ ಹೊಲಿದುಕೊಟ್ಟರು.

ಒಂದು ಭಾನುವಾರ ಬೆಳಿಗ್ಗೆ ನಾನು ಆ ಪ್ಯಾಂಟು, ಬಿಳಿ ಅಂಗಿ, ಕೆಂಪು ಟೈ, ಎರಡು ಕರವಸ್ತ್ರಗಳೊಂದಿಗೆ, ಸಂಜೀವ ಮಾವ ಹೊಸ ಸಫಾರಿ ಸೂಟಿನಲ್ಲಿ, ಉದ್ಯಾವರದಲ್ಲಿ ಇಳಿದೆವು. ಸೇತುವೆಯಿಂದ ಸ್ವಲ್ಪ ಈಚೆ, ಹೊಳೆಯ ಬದಿಯಲ್ಲಿ ಮಾಸ್ಟ್ರ ಮನೆ. ಮಾಸ್ಟ್ರು ಗೇಟಿನ ಹತ್ತಿರವೇ ಕಾದಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ಪ್ಯಾಂಟು, ಮೆಲುದನಿ. ಚಾವಡಿಯಲ್ಲಿ ಅವರ ಹಿರಿಯ ಅಳಿಯ ದಿನೇಶ ಕುಳಿತಿದ್ದ. ಬಹರೈನಿನಲ್ಲಿ ಕೆಲಸ, ರಜೆಯಲ್ಲಿ ಬಂದವನು, ಜೀನ್ಸ್ ಹಾಕಿದ್ದ.

ಮಾತು ಸಲೀಸಾಗಿ ಹೊರಟಿತು. ಮಾತಾಡಿದ್ದು ಮಾವ, ಕೇಳಿದ್ದು ಉಳಿದವರು. ಒಳಗಿನಿಂದ ಸುಲೋಚನ ತಟ್ಟೆಯಲ್ಲಿ ಕಾಫಿ ತಂದಳು. ನಾನು ಎದ್ದು ನಿಂತೆ. ಗಂಡು ಎದ್ದು ನಿಂತದ್ದನ್ನು ನೋಡಿ ಅವಳಿಗೆ ಗಲಿಬಿಲಿಯಾಗಿರಬೇಕು, ತಟ್ಟೆ ಸ್ವಲ್ಪ ವಾಲಿ ಸಕ್ಕರೆಯ ಚಮಚ ಕೆಳಗೆ ಬಿತ್ತು.

ಬೊಂಬಾಯಿಯ ಹನ್ನೆರಡು ದಿನಗಳ ಅಭ್ಯಾಸ ನನ್ನ ಮೈಯಲ್ಲಿ ಎಚ್ಚೆತ್ತಿತು. ಅವಳು ಬಗ್ಗುವ ಮೊದಲೇ ಹಾರಿ ಬಗ್ಗಿದೆ.

ಪರ್ರ್.

ಆ ಶಬ್ದ ಕಿವಿಗೆ ಬೀಳುವ ಮೊದಲೇ ಬೆನ್ನಹುರಿಗೆ ಗೊತ್ತಾಗಿತ್ತು. ಚಮಚ ಹಿಡಿದೇ ಕುರ್ಚಿಯ ಮೇಲೆ ಕುಸಿದೆ. ಹಿಂದಿನಿಂದ ಹೊಳೆಯ ಗಾಳಿ ತಣ್ಣಗೆ ಬರುತ್ತಿದ್ದುದು ಅರಿವಿಗೆ ಬಂತು. ಏನಾದರೂ ಮಾಡಬೇಕಲ್ಲ, ಜೋರಾಗಿ ಕೆಮ್ಮಿದೆ. ಮತ್ತೂ ಕೆಮ್ಮಿದೆ.

"ನೋಡಿ, ಕೆಮ್ಮಿನ ಮದ್ದು ಮಾರುವವನಿಗೇ ಕೆಮ್ಮು!" ಎಂದು ಮಾವ ಚಾವಡಿ ಅದುರುವಂತೆ ನಕ್ಕರು.

ಸುಲೋಚನ ನಗಲಿಲ್ಲ. ಕಾಫಿ ಕೊಟ್ಟಳು, ನನ್ನ ಕೈಯಿಂದ ಚಮಚ ತೆಗೆದುಕೊಂಡಳು, ಒಳಗೆ ಹೋದಳು. ಎಡಗೈಯಿಂದ ಮೆಲ್ಲನೆ ತಡವಿ ನೋಡಿದೆ. ಸೊಂಟದ ಪಟ್ಟಿಯಿಂದ ಹಿಡಿದು ಕೆಳಗಿನವರೆಗೆ ಗೇಣುದ್ದ ಹರಿದಿತ್ತು.

ಅಲ್ಲಿಂದ ಒಂದೂವರೆ ಗಂಟೆ ನಾನು ಆ ಕುರ್ಚಿಗೆ ಅಂಟಿಕೊಂಡೆ. ದಿನೇಶ ಬಹರೈನಿನಿಂದ ತಂದ ಟೇಪ್ ರೆಕಾರ್ಡರ್ ತೋರಿಸಲು ಒಳಗೆ ಕರೆದ, ಹೋಗಲಿಲ್ಲ. ಮಾಸ್ಟ್ರು ಹೊಳೆ ನೋಡಿ ಬರುವ ಎಂದರು, ಹೊಳೆ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದೆ. ಕಾಣುತ್ತಿದ್ದುದು ದನದ ಹಟ್ಟಿಯ ಗೋಡೆ. ಮಾಸ್ಟ್ರ ಹೆಂಡತಿ ಹೊರಗೆ ಬಂದು ನಮಸ್ಕಾರ ಮಾಡಿದರು. ಎದ್ದು ನಿಲ್ಲಬೇಕಾದ ಜಂಟಲ್‌ಮ್ಯಾನ್ ಕುಳಿತೇ ಕೈಮುಗಿದ. ಮಾವ ನನ್ನ ಕಿವಿಯ ಹತ್ತಿರ ಬಂದು, ಅವರ ಲೆಕ್ಕದಲ್ಲಿ ಪಿಸುಮಾತಿನಲ್ಲಿ, "ಎಂತ ಮಾರಾಯ ನಿಂದು? ಎದ್ದು ನಿಲ್ಲಲಿಕ್ಕೆ ಗೊತ್ತಿಲ್ವಾ?" ಎಂದರು. ಅದು ಗೇಟಿನವರೆಗೆ ಕೇಳಿಸಿತು.

ಊಟದ ಹೊತ್ತಾಯಿತು. ಊಟ ಒಳಗೆ, ನೆಲದಲ್ಲಿ ಮಣೆಯ ಮೇಲೆ. ಕುರ್ಚಿಯಿಂದ ಅಲ್ಲಿಗೆ ಹದಿನೈದು ಹೆಜ್ಜೆ ಇರಬಹುದು. ಹೊಟ್ಟೆನೋವು ಎನ್ನಲೇ? ತಲೆತಿರುಗಿ ಬೀಳಲೇ? ಬಿದ್ದರೆ ಎತ್ತಲು ಬರುವವರಿಗೆ ಮೊದಲು ಕಾಣುವುದು ಯಾವುದು? ಹೀಗೆ ಯೋಚಿಸುತ್ತಿರುವಾಗ ಮಾಸ್ಟ್ರು ಒಳಗಿನಿಂದ ಬಂದರು. ಕೈಯಲ್ಲಿ ಮಡಚಿದ ನಾಲ್ಕು ಬಿಳಿ ಮುಂಡುಗಳಿದ್ದವು, ಎಂದರೆ ಪಂಚೆಗಳು.

"ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು" ಎಂದರು. "ಮಧ್ಯಾಹ್ನದ ಊಟಕ್ಕೆ ಕುಳಿತುಕೊಳ್ಳುವಾಗ ಗಂಡಸರು ಮುಂಡು ಉಟ್ಟೇ ಕುಳಿತುಕೊಳ್ಳಬೇಕು. ಹಿರಿಯರು ಮಾಡಿಕೊಂಡು ಬಂದದ್ದು, ನಾವು ಬಿಡಲಿಲ್ಲ. ನಿಮಗೆ ಬೇಜಾರಿಲ್ಲ ಅಲ್ವಾ?"

"ಎಂತ ಕ್ರಮ ಮಾವ?" ದಿನೇಶ ಬಾಯಿ ತೆರೆದ. "ನಿನ್ನೆ ನಾನು ಇದೇ ಪ್ಯಾಂಟಿನಲ್ಲಿ ಊಟಕ್ಕೆ..."

"ನಿನ್ನೆ ಮರೆತುಹೋಗಿತ್ತು" ಎಂದರು ಮಾಸ್ಟ್ರು. ದನಿ ಏರಲಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ಆ ದನಿಗೆ ದಿನೇಶ ಎದ್ದು ಮುಂಡು ತೆಗೆದುಕೊಂಡ.

ಆಮೇಲೆ ಮಾಸ್ಟ್ರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ನೀವು ಬನ್ನಿ, ಕೋಣೆ ತೋರಿಸುತ್ತೇನೆ" ಎಂದು ಹೆಗಲ ಮೇಲೆ ಕೈಯಿಟ್ಟರು. ದಾರಿ ತೋರಿಸುವವರು ಮುಂದೆ ನಡೆಯಬೇಕಲ್ಲವೇ? ಅವರು ನನಗೆ ಅಂಟಿಕೊಂಡಂತೆ ಹಿಂದೆಯೇ ನಡೆದರು, ಬಾಗಿಲ ತನಕ. ನಾನು ಒಳಗೆ ಹೋಗಿ ಅಗಳಿ ಹಾಕಿಕೊಂಡೆ. ಎಂಥ ಭಾಗ್ಯ, ಎಂಥ ಮನೆತನ, ಎಂಥ ಒಳ್ಳೆಯ ಕ್ರಮ ಎಂದು ಅವರ ಹಿರಿಯರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. ಯಾರಿಗೂ ಏನೂ ಗೊತ್ತಾಗಿಲ್ಲ ಎಂದು ನಾನು ಪೂರ್ತಿ ನಂಬಿದ್ದೆ. ಅಷ್ಟು ದಡ್ಡ.

ಕೋರಿರೊಟ್ಟಿಯ ಊಟ, ಕೋಳಿಸಾರಿನಲ್ಲಿ ನೆನೆದ ಗರಿಗರಿ ಅಕ್ಕಿರೊಟ್ಟಿ. ನಾನು ಹಾಯಾಗಿ ಚಕ್ಕಳಮಕ್ಕಳ ಹಾಕಿ ಉಂಡೆ. ಕಷ್ಟವಾದದ್ದು ಸಂಜೀವ ಮಾವನಿಗೆ. ಅವರ ಹೊಟ್ಟೆಯ ಸುತ್ತಳತೆಗೆ ತೆಳ್ಳಗಿನ ಮಾಸ್ಟ್ರ ಮುಂಡು ಒಂದು ಸುತ್ತು ಬರುವಷ್ಟರಲ್ಲಿ ಮುಗಿದುಹೋಗಿತ್ತು. ಎಡಗೈಯಲ್ಲಿ ಮುಂಡು, ಬಲಗೈಯಲ್ಲಿ ಕೋಳಿ. ಮೂರನೆಯ ಸಲ ಬಡಿಸಲು ಬಂದಾಗ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯಲು ಎಡಗೈ ಎತ್ತಬೇಕಾಯಿತು. ಎತ್ತಿದರು. ಕೂಡಲೇ ಇಳಿಸಿದರು. ಮುಖ ಕೆಂಪಾಯಿತು.

ಊಟವಾಗಿ ಬಟ್ಟೆ ಬದಲಿಸಲು ಕೋಣೆಗೆ ಹೋದೆ. ಹರಿದ ಪ್ಯಾಂಟಿನಲ್ಲಿ ಊರು ಸೇರುವುದು ಹೇಗೆಂಬ ಚಿಂತೆ ಶುರುವಾಗಿತ್ತು. ಗೂಟಕ್ಕೆ ನೇತುಹಾಕಿ ಹೋಗಿದ್ದ ಪ್ಯಾಂಟು ಅಲ್ಲಿರಲಿಲ್ಲ. ಮಂಚದ ಮೇಲೆ ನೀಟಾಗಿ ಮಡಚಿ ಇಟ್ಟಿತ್ತು. ಮುಟ್ಟಿದೆ, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ತಿರುಗಿಸಿದೆ. ಹರಿದದ್ದೆಲ್ಲಿ ಎಂದು ಹುಡುಕಬೇಕಾಗಿ ಬಂತು.

ಮಂಚದ ಮೇಲೆ ಕುಳಿತುಬಿಟ್ಟೆ. ಹಾಗಾದರೆ ಗೊತ್ತಿತ್ತು. ಮಾಸ್ಟ್ರಿಗೆ ಗೊತ್ತಿತ್ತು, ಒಳಗಿನವರಿಗೆಲ್ಲ ಗೊತ್ತಿತ್ತು. ಹಿರಿಯರು ಮಾಡಿಕೊಂಡು ಬಂದ ಕ್ರಮ ಹುಟ್ಟಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಹೊರಗೆ ಬಂದಾಗ ಮಾಸ್ಟ್ರು ಏನೂ ನಡೆದೇ ಇಲ್ಲ ಎಂಬಂತೆ ಬಸ್ಸಿನ ಹೊತ್ತು ಹೇಳಿದರು. ನಾನು ಧನ್ಯವಾದ ಹೇಳಲು ಬಾಯಿ ತೆರೆದೆ. "ಹೊರಡಿ ಹೊರಡಿ, ಬಸ್ಸು ತಪ್ಪುತ್ತದೆ" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಬಸ್ಸಿನಲ್ಲಿ ಕುಳಿತದ್ದೇ ಮಾವ ಸಿಡಿದರು. "ಬೇಡ ಮಾರಾಯ ಈ ಸಂಬಂಧ! ಬಂದ ನೆಂಟರ ಪ್ಯಾಂಟು ಬಿಚ್ಚಿಸುವ ಮನೆ ಎಲ್ಲಿಯಾದರೂ ಉಂಟಾ? ನನ್ನ ಕೈಯಲ್ಲಿ ಒಂದು ಸರಿ ಊಟ ಮಾಡಲಿಕ್ಕೆ ಆಗಲಿಲ್ಲ. ನಾಳೆ ಮದುವೆಯಾದರೆ ಇನ್ನು ಎಂತೆಂತ ಕ್ರಮ ಹೊರಗೆ ಬರುತ್ತದೋ!"

ಆಗಲೇ ಹೇಳಬೇಕಿತ್ತು. ಮಾವ, ಆ ಮುಂಡು ನಿಮಗಾಗಿ ಅಲ್ಲ, ನನಗಾಗಿ ಎಂದು. ಆದರೆ ಹೇಳಿದರೆ ಸಂಜೆಗೆ ಮೂರು ಮಾರ್ಗಕ್ಕೆ ಗೊತ್ತಾಗುತ್ತದೆ. ಕಾರ್ಕಳದಲ್ಲಿ ನನ್ನ ಮುಖ ನೋಡಿ ಎದ್ದು ಮಾತಾಡಿಸುವ ಜನರಿದ್ದರು. ಟೈ ಸರಿಮಾಡಿಕೊಂಡೆ. "ನೋಡುವ ಮಾವ" ಎಂದೆ.

ಅವರು ನೋಡುವವರೆಗೆ ಕಾಯಲಿಲ್ಲ. ಜಾತಕ ಕೂಡಿಬರುವುದಿಲ್ಲ ಎಂದು ಎರಡೇ ದಿನದಲ್ಲಿ ಉದ್ಯಾವರಕ್ಕೆ ಹೇಳಿ ಕಳಿಸಿದರು. ಜಾತಕವನ್ನು ಅವರೂ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ.

ಮುಂದಿನ ವಾರ ಕಾರ್ಕಳದ ಡಾಕ್ಟರರನ್ನು ಕಂಡು ಚಾ ಕುಡಿಯಲು ಮೂರು ಮಾರ್ಗದ ಹೊಟೇಲಿಗೆ ಹೋದೆ. ಮಾವ ಮೇಜಿನ ಸುತ್ತ ಏಳೆಂಟು ಮಂದಿಯನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಎದ್ದು ನಿಂತು, ಒಂದು ಕೈಯಲ್ಲಿ ಇಲ್ಲದ ಮುಂಡು ಹಿಡಿದು, ಇನ್ನೊಂದು ಕೈಯಲ್ಲಿ ಇಲ್ಲದ ಕೋಳಿ ತಿಂದು ತೋರಿಸುತ್ತಿದ್ದರು. ಮಾಸ್ಟ್ರಿಗೆ ಅಷ್ಟರಲ್ಲಿ 'ಮುಂಡು ಮಾಸ್ಟ್ರು' ಎಂದು ಹೆಸರೂ ಬಿದ್ದಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಒಬ್ಬರು ನನ್ನ ಕಡೆ ತಿರುಗಿ, "ಹೌದಾ ಮಾರಾಯ್ರೇ? ನಿಜವಾ?" ಎಂದರು.

ನಾನೂ ನಕ್ಕೆ.

ನನ್ನ ಬದುಕಿನಲ್ಲಿ ಹರಿದ ಪ್ಯಾಂಟಿನಲ್ಲಿ ಒಂದೂವರೆ ಗಂಟೆ ಕುಳಿತದ್ದಕ್ಕೆ ನನಗೆ ಈಗ ನಾಚಿಕೆಯಿಲ್ಲ. ಆ ನಗುವಿಗಿದೆ. ಶೂ ಪಾಲಿಷಾಗಿತ್ತು, ಟೈಯ ಗಂಟು ಸರಿಯಾಗಿತ್ತು, ಕಿಸೆಯಲ್ಲಿ ಎರಡು ಕರವಸ್ತ್ರವಿತ್ತು. ಬೊಂಬಾಯಿಯವರು ನೋಡಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದರು.

ಅದಾಗಿ ಹತ್ತು ದಿನಕ್ಕೆ ಕಾಪುವಿನಲ್ಲಿ ಕೆಲಸವಿತ್ತು. ಆ ಪ್ಯಾಂಟನ್ನೇ ಹಾಕಿದ್ದೆ. ಏಕೋ ಅದು ಈಗ ಹಿತವಾಗಿತ್ತು, ಕುಳಿತರೂ ನಿಂತರೂ ಗೊತ್ತಾಗುತ್ತಿರಲಿಲ್ಲ. ಹಾಕಿ ಹಾಕಿ ಸಡಿಲಾಗಿರಬೇಕು ಎಂದುಕೊಂಡಿದ್ದೆ. ಉಮ್ಮರಾಕ ಅಂಗಡಿಯಿಂದಲೇ ನನ್ನ ನಡಿಗೆ ನೋಡಿ ಕರೆದರು.

"ಇದನ್ನು ಯಾರು ಬಿಚ್ಚಿದ್ದು? ತಿರುಗಿ ಒಮ್ಮೆ."

ತಿರುಗಿದೆ. ಅವರು ಕೂತಲ್ಲಿಂದಲೇ ಹೊಲಿಗೆಯ ಗೆರೆಯ ಮೇಲೆ ಉಗುರಾಡಿಸಿದರು. "ಹರಿದದ್ದನ್ನು ಹೊಲಿದದ್ದು ಮಾತ್ರ ಅಲ್ಲ ಇದು. ಒಳಗೆ ನಾನು ಬಟ್ಟೆ ಬಿಟ್ಟಿದ್ದೆ, ಅದನ್ನು ಬಿಡಿಸಿ ಅರ್ಧ ಇಂಚು ಅಗಲ ಮಾಡಿದ್ದಾರೆ. ಇನ್ನು ಹರಿಯುವುದಿಲ್ಲ. ಯಾವ ದರ್ಜಿ?"

"ದರ್ಜಿ ಅಲ್ಲ. ಒಂದು... ಒಂದು ಮನೆಯವರು."

"ನಾನು ಮೂರು ಸಲ ಹೇಳಿದೆ, ನೀವು ಕೇಳಲಿಲ್ಲ. ಅವರು ನಿಮ್ಮನ್ನು ಕೇಳದೆಯೇ ಮಾಡಿದ್ದಾರೆ. ಅದೂ ನಿಮಗೆ ಗೊತ್ತಾಗದ ಹಾಗೆ." ಉಮ್ಮರಾಕ ಮತ್ತೆ ಮೆಷಿನಿಗೆ ಬಗ್ಗಿದರು. "ಅವರಿಗೆ ನನ್ನ ಸಲಾಂ ಹೇಳಿ."

ಸಲಾಂ ಹೇಳಲು ನನಗೆ ಯಾವ ಮುಖವಿತ್ತು? ಒಳಗೆ ಊಟ ನಡೆಯುತ್ತಿದ್ದಾಗ, ಪರಿಚಯವೂ ಇಲ್ಲದ ಒಬ್ಬನ ಪ್ಯಾಂಟು ಹಿಡಿದು, ಬರೀ ಹೊಲಿದರೆ ಸಾಲದು, ಇವನು ಮತ್ತೆ ಎಲ್ಲಿಯಾದರೂ ಬಗ್ಗಿಯಾನು ಎಂದು ಯೋಚಿಸಿದ ಆ ಹುಡುಗಿಯ ಅಪ್ಪನಿಗೆ ಊರು ಅಡ್ಡಹೆಸರಿಟ್ಟು ನಗುತ್ತಿದೆ. ನಗುವವರಲ್ಲಿ ನಾನೂ ಒಬ್ಬ.

ಮಾರನೆಯ ದಿನ ಕಾರ್ಕಳದಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಹೋದೆ. ಹೊಟೇಲಿನಲ್ಲಿ ಮಾವ ಇದ್ದರು, ಮೇಜಿನ ಸುತ್ತ ಅದೇ ಜನ. ನಾನು ಕುಳಿತುಕೊಳ್ಳಲಿಲ್ಲ.

"ಮಾವ, ಆ ದಿನ ನನ್ನ ಪ್ಯಾಂಟು ಹರಿದಿತ್ತು."

"ಎಂತ?"

"ಚಮಚ ಹೆಕ್ಕಲಿಕ್ಕೆ ಹೋಗಿ ಹಿಂದಿನಿಂದ ಪೂರ್ತಿ ಹರಿದಿತ್ತು. ಕೆಮ್ಮು ಇರಲಿಲ್ಲ. ಅವರ ಮನೆಯಲ್ಲಿ ಅಂಥ ಕ್ರಮವೂ ಇರಲಿಲ್ಲ. ನಾನೊಬ್ಬ ಮುಂಡು ಉಟ್ಟರೆ ನನ್ನ ಮಾನ ಹೋಗುತ್ತದೆ ಅಂತ ಮಾಸ್ಟ್ರು ಎಲ್ಲರ ಕೈಯಲ್ಲೂ ಮುಂಡು ಉಡಿಸಿದ್ದು."

ಚಾ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿ ತಿರುಗಿ ನೋಡಿದ. ಆಮೇಲೆ ಎದ್ದಿತು ನೋಡಿ ನಗು. ಅಡುಗೆಯವರೂ ಹೊರಗೆ ಬಂದರು. ಮಾವ ಮೇಜು ಬಡಿದು ಬಡಿದು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನು ನಿಂತೇ ಇದ್ದೆ. ಬೆವರುತ್ತಿದ್ದೆ. ಒರೆಸಿಕೊಳ್ಳಲು ಯಾವ ಕರವಸ್ತ್ರ ತೆಗೆದೆನೋ ನೆನಪಿಲ್ಲ.

ನಗು ಇಳಿಯಿತು. ಮಾವ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಅಲ್ಲ ಮಾರಾಯ... ನಾನು ಆ ಮನುಷ್ಯನಿಗೆ ಜಾತಕ ಕೂಡುವುದಿಲ್ಲ ಅಂತ ಹೇಳಿ ಕಳಿಸಿದ್ದಲ್ವಾ?" ಎಂದರು. ಜೀವಮಾನದಲ್ಲಿ ಮೊದಲ ಸಲ ಅವರ ಪಿಸುಮಾತು ನಿಜಕ್ಕೂ ಪಿಸುಮಾತಾಗಿತ್ತು. ಚಾದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, "ಭಾನುವಾರ ಹೋಗುವ. ತಪ್ಪಾಯಿತು ಅಂತ ಹೇಳಬೇಕು" ಎಂದರು.

ಭಾನುವಾರ ಮಾವ ಮನೆಯಿಂದಲೇ ಮುಂಡು ಉಟ್ಟು ಬಂದರು, ತಮ್ಮ ಅಳತೆಯದ್ದು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. ಉದ್ಯಾವರದಲ್ಲಿ ಮಾಸ್ಟ್ರು ಗೇಟಿಗೆ ಬಂದು ಬರಮಾಡಿಕೊಂಡರು. ಚಾವಡಿಯಲ್ಲಿ ಕುಳಿತು ಮಾವ ಗಂಟಲು ಸರಿಮಾಡಿಕೊಂಡು, "ಮಾಸ್ಟ್ರೇ, ಆ ಜಾತಕದ ವಿಷಯ..." ಎನ್ನುವಷ್ಟರಲ್ಲಿ ಮಾಸ್ಟ್ರು ಮಾತು ತೆಗೆದುಕೊಂಡರು.

"ಜೋಯಿಸರು ಒಮ್ಮೊಮ್ಮೆ ತಪ್ಪಿ ಓದುವುದುಂಟು. ಮತ್ತೊಮ್ಮೆ ನೋಡಿಸಿದಿರಿ ಅಂತ ಕಾಣುತ್ತದೆ. ಒಳ್ಳೆಯದಾಯಿತು."

ಬಾಯಿಪಾಠ ಮಾಡಿದ್ದೆಲ್ಲ ಮಾವನ ಗಂಟಲಲ್ಲೇ ಉಳಿಯಿತು. ಅಷ್ಟು ದೊಡ್ಡ ಬಾಯಿ ಅಷ್ಟು ಸುಲಭವಾಗಿ ಮುಚ್ಚಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. "ಹೌದು ಮಾಸ್ಟ್ರೇ, ಜೋಯಿಸರದ್ದೇ ತಪ್ಪು" ಎಂದು ಮೆಲ್ಲನೆ ಹೇಳಿ ತಲೆ ತಗ್ಗಿಸಿದರು.

"ನನ್ನದೇನೂ ಇಲ್ಲ. ಸುಲೋಚನಳನ್ನು ಕೇಳಬೇಕು" ಎಂದರು ಮಾಸ್ಟ್ರು.

ಸುಲೋಚನ ಅಪ್ಪನ ಹಾಗಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ನೇರವಾಗಿ ಕೇಳಿದಳು.

"ಆ ಚಮಚ ನಾನೇ ಹೆಕ್ಕುತ್ತಿದ್ದೆ. ನೀವು ಯಾಕೆ ಹಾರಿದ್ದು?"

"ಬೊಂಬಾಯಿಯಲ್ಲಿ ಹಾಗೆ ಕಲಿಸಿದ್ದು."

"ಇಷ್ಟು ದಿವಸ ಸುಮ್ಮನೆ ಇದ್ದದ್ದು? ಅದನ್ನೂ ಬೊಂಬಾಯಿಯಲ್ಲಿ ಕಲಿಸಿದ್ದಾ?"

"ಅಲ್ಲ. ಅದು ನನ್ನದೇ. ಜನ ನಗ್ತಾರೆ ಅಂತ ಹೆದರಿದ್ದೆ."

"ಈಗ ಹೆದರಿಕೆ ಇಲ್ವಾ?"

"ಈಗ ಎಲ್ಲರೂ ನಕ್ಕು ಆಯಿತು."

ಅವಳು ಬೇರೆ ಕಡೆ ನೋಡಿದಳು. ಹೆಗಲು ಅಲುಗುತ್ತಿತ್ತು. ನಾನು ಅಳುತ್ತಿದ್ದಾಳೆಂದು ಗಾಬರಿಯಾಗಿ ಕರವಸ್ತ್ರ ತೆಗೆದೆ. ಅವಳು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. "ನಾನೂ ಅವತ್ತಿನಿಂದ ತಡೆದುಕೊಂಡಿದ್ದೆ" ಎಂದಳು.

ಆ ಡಿಸೆಂಬರಿನಲ್ಲಿ ಮದುವೆಯಾಯಿತು.

ಮದುವೆಯಾದ ಮೇಲೂ ನಾನು ಅವರನ್ನು ಮಾಸ್ಟ್ರೇ ಎಂದೇ ಕರೆಯುತ್ತಿದ್ದೆ. ಆ ದಿನದ ವಿಷಯ ಎತ್ತಲು ಹಲವು ಸಲ ನೋಡಿದೆ. ಪ್ರತಿ ಸಲ ಅವರು ಮಳೆಯ ವಿಷಯಕ್ಕೋ ಮೀನಿನ ವಿಷಯಕ್ಕೋ ಜಾರಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ಮೇಲೆ ಅವರಿಗೆ ಮಣಿಪಾಲದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು, ಪಕ್ಕದಲ್ಲಿ ನಾನೊಬ್ಬನೇ. ಈಗ ಎದ್ದು ಹೋಗಲಾರರು ಎಂಬ ಧೈರ್ಯದಲ್ಲಿ ಕೇಳಿಯೇಬಿಟ್ಟೆ.

"ಮಾಸ್ಟ್ರೇ, ಆ ದಿನ ಚಮಚ ಬಿದ್ದಾಗ... ನೀವು ನೋಡಿದ್ದಿರಿ ಅಲ್ವಾ?"

ಅವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ನನ್ನ ಕಣ್ಣು ಆಗಲೇ ಮಂಜಾಗಿತ್ತು" ಎಂದರು. "ನಾಲ್ಕು ಮಾರು ದೂರದ್ದು ಎಂತದೂ ಕಾಣುತ್ತಿರಲಿಲ್ಲ."

ಆ ದಿನ ನಮ್ಮನ್ನು ಕಳಿಸುವಾಗ ಗೇಟಿನ ಹತ್ತಿರ ನಿಂತು, ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸಿನ ಬೋರ್ಡನ್ನು ಅವರು ಗಟ್ಟಿಯಾಗಿ ಓದಿ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ. ಅದನ್ನು ಹೇಳಲು ಹೊರಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿದೆ. ಪಟ್ಟಿಯ ಕೆಳಗೆ ತುಟಿಗಳು ಉತ್ತರಕ್ಕೆ ಕಾಯುತ್ತಿದ್ದವು.

"ಹೌದು ಮಾಸ್ಟ್ರೇ" ಎಂದೆ. "ನನಗೂ ಆಗಲೇ ಅನ್ನಿಸಿತ್ತು, ನಿಮಗೆ ದೂರದ್ದು ಸ್ವಲ್ಪವೂ ಕಾಣುವುದಿಲ್ಲ ಅಂತ."

ಮಾಸ್ಟ್ರು ನೆಮ್ಮದಿಯಿಂದ ತಲೆದಿಂಬಿಗೆ ಒರಗಿದರು. ತಡಕಾಡಿ ನನ್ನ ಕೈ ಹುಡುಕಿ, ಎರಡು ಸಲ ತಟ್ಟಿದರು.